ಹೊರಾಂಗಣ ಪೀಠೋಪಕರಣ: ಕೈಕೆಲಸಕ್ಕೆ ತಕ್ಕ ಬೆಲೆ ಕಟ್ಟುವ ಬಗೆ

ಮನೆಯ ಹೊರಗೆ ಕುಳಿತು ಕಾಲ ಕಳೆಯುವ ರೂಢಿ ಕನ್ನಡ ನಾಡಿಗೆ ಹೊಸದಲ್ಲ. ಜಗಲಿಯ ಕಲ್ಲುಕಟ್ಟೆ, ಅಂಗಳದ ಬಾಜು, ಊರ ಮುಂದಿನ ಅರಳಿಕಟ್ಟೆ ಇವೆಲ್ಲ ಹೊರಾಂಗಣದ ಆಸನಗಳೇ. ಇಂದು ಜಗಲಿಯ ಸ್ಥಾನದಲ್ಲಿ ಬಹುಮಹಡಿ ಕಟ್ಟಡದ ಬಾಲ್ಕನಿ, ತಾರಸಿ ತೋಟ, ಕಾಫಿ ತೋಟದ ಹೋಮ್‌ಸ್ಟೇ, ಕಡಲತೀರದ ರೆಸಾರ್ಟ್ ಮತ್ತು ನಗರದ ಉಪಾಹಾರ ಗೃಹಗಳ ತೆರೆದ ಅಂಗಳಗಳು ಬಂದಿವೆ. ಇವುಗಳಿಗೆ ಕೈಯಿಂದ ತಯಾರಾದ, ವಿಶಿಷ್ಟ ವಿನ್ಯಾಸದ ಬೆಂಚು, ಕುರ್ಚಿ, ಉಯ್ಯಾಲೆ ಹಾಗೂ ಮೇಜುಗಳನ್ನು ಒದಗಿಸುವ ಸಣ್ಣ ಕಾರ್ಯಾಗಾರಗಳಿಗೆ ಒಂದು ಹೊಸ ಮಾರುಕಟ್ಟೆ ತೆರೆದುಕೊಂಡಿದೆ.

ಆದರೆ ಈ ಕ್ಷೇತ್ರದಲ್ಲಿ ಒಂದು ವೈಚಿತ್ರ್ಯವಿದೆ. ಕೈತುಂಬ ಆರ್ಡರುಗಳಿದ್ದು, ಗ್ರಾಹಕರ ಮೆಚ್ಚುಗೆಯನ್ನೂ ಪಡೆದ ಕಾರ್ಯಾಗಾರವು ಎರಡು ಮೂರು ವರ್ಷಗಳಲ್ಲಿ ಸಾಲದ ಸುಳಿಗೆ ಸಿಲುಕುವುದುಂಟು. ಇಂತಹ ಸಂದರ್ಭಗಳಲ್ಲಿ ಬಡಗಿಯ ಕೌಶಲದಲ್ಲಾಗಲೀ ವಿನ್ಯಾಸದಲ್ಲಾಗಲೀ ಕೊರತೆ ಇರುವುದಿಲ್ಲ. ಕೊರತೆ ಇರುವುದು ಬೆಲೆ ಕಟ್ಟುವ ಕ್ರಮದಲ್ಲಿ. ಒಳಾಂಗಣದ ಕುರ್ಚಿಯನ್ನು ಮಾರುವವನು ಒಂದು ವಸ್ತುವನ್ನು ಮಾತ್ರ ಮಾರುತ್ತಾನೆ. ಹೊರಾಂಗಣದ ಕುರ್ಚಿಯನ್ನು ಮಾರುವವನು ವಸ್ತುವಿನ ಜೊತೆಗೆ, ಅದು ಬಿಸಿಲು ಮಳೆಗಳನ್ನು ಇಷ್ಟು ವರ್ಷ ತಾಳುತ್ತದೆ ಎಂಬ ಮಾತನ್ನೂ ಮಾರುತ್ತಾನೆ. ಆ ಮಾತಿಗೂ ಒಂದು ವೆಚ್ಚವಿದೆ. ಅದನ್ನು ಬೆಲೆಯಲ್ಲಿ ಸೇರಿಸದಿದ್ದರೆ ಮುಂದೊಂದು ದಿನ ಬಂಡವಾಳದಿಂದ ಭರಿಸಬೇಕಾಗುತ್ತದೆ.

ಸಾಮಗ್ರಿಯ ಆಯ್ಕೆ: ಮೊದಲ ವೆಚ್ಚ

ಹೊರಾಂಗಣಕ್ಕೆ ತೇಗ ಅಥವಾ ಸಾಗುವಾನಿಯು ಉತ್ತಮವೆಂಬುದು ಲೋಕಪ್ರಸಿದ್ಧ. ಅದರ ಚೇಗಿನಲ್ಲಿರುವ ಸಹಜ ಎಣ್ಣೆಯ ಅಂಶವು ನೀರು, ಶಿಲೀಂಧ್ರ ಮತ್ತು ಗೆದ್ದಲನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಈ ಗುಣ ಇರುವುದು ಚೇಗಿಗೆ ಮಾತ್ರ. ಅದರ ಹೊರಸುತ್ತಿನ ಬಿಳಿಯ ಭಾಗಕ್ಕಲ್ಲ. ತೋಟಗಳಲ್ಲಿ ಬೇಗನೆ ಬೆಳೆಸಿ, ಎಳೆಯ ವಯಸ್ಸಿನಲ್ಲಿ ಕಡಿದ ತೇಗದಲ್ಲಿ ಬಿಳಿಯ ಭಾಗ ಹೆಚ್ಚಾಗಿರುತ್ತದೆ. ಅದನ್ನು ತೆಗೆದುಹಾಕಿದರೆ ಪೋಲು ಹೆಚ್ಚುತ್ತದೆ, ಉಳಿಸಿಕೊಂಡರೆ ಬಾಳಿಕೆ ಕುಗ್ಗುತ್ತದೆ. ಕಡಿಮೆ ದರದ ಮರವು ಕೊನೆಯಲ್ಲಿ ಕಡಿಮೆ ವೆಚ್ಚದ್ದಾಗಿ ಉಳಿಯುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಮರವನ್ನು ಚೆನ್ನಾಗಿ ಒಣಗಿಸುವುದು ಎರಡನೆಯ ಅಂಶ. ಹಸಿಮರದಿಂದ ಮಾಡಿದ ಬೆಂಚು ಮೊದಲ ಬೇಸಿಗೆಯಲ್ಲೇ ಸೊಟ್ಟಗಾಗುತ್ತದೆ ಅಥವಾ ಜೋಡಣೆಗಳಲ್ಲಿ ಬಿರುಕು ಬಿಡುತ್ತದೆ. ಮರವು ಉದ್ದಕ್ಕಿಂತ ಅಗಲಕ್ಕೆ ಹಲವು ಪಟ್ಟು ಹೆಚ್ಚಾಗಿ ಹಿಗ್ಗಿ ಕುಗ್ಗುವುದರಿಂದ ಹಲಗೆಗಳ ನಡುವೆ ಸಂದು ಬಿಡುವುದು ಅಗತ್ಯ. ಮಲೆನಾಡಿನ ಮಳೆಗಾಲ ಮತ್ತು ಕಲಬುರಗಿಯ ಬೇಸಿಗೆ ಎರಡನ್ನೂ ಒಂದೇ ಅಳತೆಯ ಸಂದು ತಾಳುವುದಿಲ್ಲ. ಒಣಗಿಸುವ ತಿಂಗಳುಗಳಲ್ಲಿ ಮರದಲ್ಲಿ ತೊಡಗಿಸಿದ ಹಣ ಸುಮ್ಮನೆ ಕುಳಿತಿರುತ್ತದೆ. ಅದರ ಮೇಲಿನ ಬಡ್ಡಿಯೂ ಬೆಂಚಿನ ವೆಚ್ಚವೇ ಹೌದು.

ಲೋಹದ ಭಾಗಗಳಲ್ಲಿಯೂ ಇದೇ ಎಚ್ಚರ ಬೇಕು. ತೇಗಕ್ಕೆ ಸಾಧಾರಣ ಕಬ್ಬಿಣದ ಸ್ಕ್ರೂ ಬಳಸಿದರೆ ತೇವ ತಾಗಿದಾಗ ಸುತ್ತಲೂ ಕಪ್ಪು ಕಲೆ ಹರಡುತ್ತದೆ. ಆದುದರಿಂದ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬೇಕು. ಕರಾವಳಿಯ ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲಿಗಿಂತ 316 ದರ್ಜೆಯದು ಹೆಚ್ಚು ತಾಳುತ್ತದೆ. ಅದರ ಬೆಲೆಯೂ ಹೆಚ್ಚು. ಕಬ್ಬಿಣದ ಚೌಕಟ್ಟಿಗೆ ಪೌಡರ್ ಕೋಟಿಂಗ್ ಮಾತ್ರ ಸಾಲದು. ಅದರ ಕೆಳಗೆ ಸತುವಿನ ಲೇಪನವಿದ್ದರೆ ಮೇಲ್ಪದರದಲ್ಲಿ ಗೀರು ಬಿದ್ದರೂ ತುಕ್ಕು ಬೇಗ ಹರಡದು.

ಬೆತ್ತ ಮತ್ತು ಬಿದಿರು ಮೇದರ ಕೈಯಲ್ಲಿ ತಲೆಮಾರುಗಳಿಂದ ಪಳಗಿದ ಸಾಮಗ್ರಿಗಳು. ಆದರೆ ಸಹಜ ಬೆತ್ತವು ನೇರ ಮಳೆಬಿಸಿಲುಗಳನ್ನು ತಾಳಲಾರದು. ಬಿದಿರಿನ ಹುಳು ತಡೆಯಲು ಉಪಯೋಗಿಸುವ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಸಂಸ್ಕರಣೆಯು ಮಳೆನೀರಿಗೆ ಕ್ರಮೇಣ ಕರಗಿಹೋಗುತ್ತದೆ. ಇವೆರಡೂ ಸೂರಿನಡಿಯ ವರಾಂಡಕ್ಕೆ ಸೂಕ್ತವೇ ಹೊರತು ತೆರೆದ ತಾರಸಿಗಲ್ಲ. ಈ ವ್ಯತ್ಯಾಸವನ್ನು ಗ್ರಾಹಕನಿಗೆ ಮೊದಲೇ ಬರೆದು ತಿಳಿಸುವುದು ಪ್ರಾಮಾಣಿಕತೆಯೂ ಹೌದು, ವ್ಯಾಪಾರದ ರಕ್ಷಣೆಯೂ ಹೌದು. ಮರದ ಗುಣ, ಒಣಗಿಸುವಿಕೆ ಮತ್ತು ಸಂಸ್ಕರಣೆಯ ಬಗ್ಗೆ ಸಂಶೋಧನೆ ನಡೆಸುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಬೆಂಗಳೂರಿನ ಮಲ್ಲೇಶ್ವರದಲ್ಲಿಯೇ ಇದೆ. ರಾಜ್ಯದ ಉದ್ಯಮಿಗಳು ಅದರ ಪ್ರಯೋಜನವನ್ನು ಪಡೆಯಬೇಕು.

ಒಂದು ಬೆಂಚಿನ ಲೆಕ್ಕ

ಬೆಲೆ ಕಟ್ಟುವಲ್ಲಿನ ದೋಷ ಹೇಗೆ ಉಂಟಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಇಲ್ಲಿನ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವು. ಪ್ರತಿಯೊಬ್ಬ ಉದ್ಯಮಿಯೂ ತನ್ನ ಸ್ವಂತ ಅಂಕಿಗಳನ್ನು ಇವುಗಳ ಸ್ಥಾನದಲ್ಲಿ ಇಟ್ಟುಕೊಳ್ಳಬೇಕು.

ಮೂವರು ಕೂರಬಹುದಾದ ಒಂದು ತೇಗದ ಬೆಂಚಿನಲ್ಲಿ 2.4 ಘನ ಅಡಿ ಮರವಿದೆ. ಮರದ ದರ ಘನ ಅಡಿಗೆ ರೂ. 3,500. ಬಡಗಿಯ 8 ದಿನಗಳ ಕೆಲಸಕ್ಕೆ ದಿನಕ್ಕೆ ರೂ. 1,200ರಂತೆ ಕೂಲಿ. ಸ್ಕ್ರೂ, ಅಂಟು, ಎಣ್ಣೆಗಳಿಗೆ ರೂ. 1,800. ಸಾಮಾನ್ಯವಾಗಿ ಕಾರ್ಯಾಗಾರದ ಮಾಲೀಕರು ಹಾಕುವ ಲೆಕ್ಕ ಹೀಗಿರುತ್ತದೆ: ಮರ ರೂ. 8,400, ಕೂಲಿ ರೂ. 9,600, ಇತರೆ ರೂ. 1,800, ಒಟ್ಟು ರೂ. 19,800. ಇದಕ್ಕೆ ಅರ್ಧದಷ್ಟು ಲಾಭ ಸೇರಿಸಿ ರೂ. 29,700ಕ್ಕೆ ಮಾರಿದರೆ ರೂ. 9,900 ಉಳಿಯಿತು ಎಂಬ ಸಮಾಧಾನ.

ಈಗ ಪೂರ್ಣ ಲೆಕ್ಕವನ್ನು ನೋಡೋಣ.

1. ಮರ: ಸೀಳಿದ ಮರದಲ್ಲಿ ಬೆಂಚಿಗೆ ದಕ್ಕುವುದು ಶೇ. 60 ಎಂದಾದರೆ ಕೊಳ್ಳಬೇಕಾದದ್ದು 4 ಘನ ಅಡಿ – ರೂ. 14,000
2. ಕೂಲಿ – ರೂ. 9,600
3. ಸ್ಕ್ರೂ, ಅಂಟು, ಎಣ್ಣೆ – ರೂ. 1,800
4. ಮಾದರಿ ತಯಾರಿಕೆ: ವಿನ್ಯಾಸ ಮತ್ತು ಪ್ರಯೋಗಗಳ ವೆಚ್ಚ ರೂ. 60,000, 40 ಬೆಂಚುಗಳಿಗೆ ಹಂಚಿದಾಗ – ರೂ. 1,500
5. ಬಾಡಿಗೆ, ವಿದ್ಯುತ್, ಯಂತ್ರಗಳ ಸವಕಳಿ: ಕೆಲಸದ ದಿನವೊಂದಕ್ಕೆ ರೂ. 350ರಂತೆ – ರೂ. 2,800
6. ಪ್ಯಾಕಿಂಗ್ ಮತ್ತು ಸಾಗಣೆ – ರೂ. 2,200
7. ಖಾತರಿಯ ದುರಸ್ತಿ: 100ರಲ್ಲಿ 4 ಬೆಂಚುಗಳಿಗೆ ತಲಾ ರೂ. 12,500 – ಬೆಂಚಿಗೆ ರೂ. 500
8. ಒಣಗಿಸುವ 6 ತಿಂಗಳ ಅವಧಿಗೆ ಮರದ ಬೆಲೆಯ ಮೇಲೆ ಶೇ. 12ರ ಬಡ್ಡಿ – ರೂ. 840

ಒಟ್ಟು ವೆಚ್ಚ ರೂ. 33,240. ಅಂದರೆ ರೂ. 29,700ಕ್ಕೆ ಮಾರಿದ ಪ್ರತಿಯೊಂದು ಬೆಂಚಿನ ಮೇಲೂ ಮಾಲೀಕನು ಕಳೆದುಕೊಳ್ಳುವುದು ರೂ. 3,540. ಹತ್ತು ಬೆಂಚುಗಳ ಆರ್ಡರ್ ಬಂದಾಗ ಸಂತೋಷಪಡುವವನು ವಾಸ್ತವವಾಗಿ ರೂ. 35,400ರ ನಷ್ಟವನ್ನು ಒಪ್ಪಿಕೊಂಡಿರುತ್ತಾನೆ. ಆರ್ಡರುಗಳು ಹೆಚ್ಚಿದಷ್ಟೂ ಸಾಲ ಏಕೆ ಹೆಚ್ಚುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ನಷ್ಟವು ತಕ್ಷಣ ಕಾಣಿಸದಿರುವುದಕ್ಕೂ ಕಾರಣವುಂಟು. ಗ್ರಾಹಕರ ಮುಂಗಡವು ಕೈಗೆ ಬರುತ್ತಲೇ ಇರುತ್ತದೆ. ಹೊಸ ಆರ್ಡರಿನ ಮುಂಗಡದಿಂದ ಹಳೆಯ ಆರ್ಡರಿನ ಮರದ ಬಾಕಿಯನ್ನು ತೀರಿಸಲಾಗುತ್ತದೆ. ಆರ್ಡರುಗಳ ಹರಿವು ಒಂದು ಮಳೆಗಾಲ ನಿಂತಾಗ ಮಾತ್ರ ನಿಜಸ್ಥಿತಿ ಹೊರಬೀಳುತ್ತದೆ. ಮಾಲೀಕನು ತಾನೇ ಬಡಗಿಯಾಗಿದ್ದರೆ ತನ್ನ ದುಡಿಮೆಗೆ ಕೂಲಿ ಹಿಡಿಯದಿರುವುದು ಇನ್ನೊಂದು ಸಾಮಾನ್ಯ ತಪ್ಪು.

ವೆಚ್ಚದ ಮೇಲೆ ಶೇ. 25 ಸೇರಿಸಿದರೆ ಮಾರಾಟ ಬೆಲೆ ರೂ. 41,550 ಆಗುತ್ತದೆ. ಇದು ಮಾರಾಟದ ಮೇಲೆ ಶೇ. 20ರ ಲಾಭ. ವೆಚ್ಚದ ಮೇಲಿನ ಲಾಭ ಮತ್ತು ಮಾರಾಟದ ಮೇಲಿನ ಲಾಭ ಇವೆರಡನ್ನು ಒಂದೇ ಎಂದು ಭಾವಿಸಿ, ಅಂಗಡಿಗಾರರಿಗೆ ಶೇ. 25ರ ರಿಯಾಯಿತಿ ಕೊಟ್ಟುಬಿಟ್ಟರೆ ಮತ್ತೆ ನಷ್ಟದಲ್ಲೇ ನಿಲ್ಲಬೇಕಾಗುತ್ತದೆ.

ಖಾತರಿ: ಮಾತಿಗೆ ತೆಗೆದಿಡಬೇಕಾದ ಹಣ

ಮೇಲಿನ ಲೆಕ್ಕದಲ್ಲಿ ರೂ. 500 ಎಂಬ ಖಾತರಿ ಮೊತ್ತ ಸಣ್ಣದಾಗಿ ಕಾಣಬಹುದು. ಆದರೆ ಐದು ವರ್ಷಗಳ ಖಾತರಿ ನೀಡಿ ವರ್ಷಕ್ಕೆ 200 ಬೆಂಚುಗಳನ್ನು ಮಾರುವ ಸಂಸ್ಥೆಯು ಐದನೆಯ ವರ್ಷದ ಕೊನೆಗೆ 1,000 ಬೆಂಚುಗಳ ಹೊಣೆಯನ್ನು ಹೊತ್ತಿರುತ್ತದೆ. ಲೆಕ್ಕಪತ್ರ ಮಾನದಂಡ 29ರ ಪ್ರಕಾರ, ಮಾರಾಟವಾದ ವರ್ಷದಲ್ಲಿಯೇ ಈ ಹೊಣೆಯನ್ನು ಅಂದಾಜು ಮಾಡಿ ಖರ್ಚೆಂದು ತೋರಿಸಬೇಕು.

ಇಂತಹ ಪ್ರಾವಿಷನ್ನಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ದೊರೆಯುವುದೇ ಎಂಬ ಸಂದೇಹ ಬಹಳ ಕಾಲ ಇತ್ತು. ರೋಟಾರ್ಕ್ ಕಂಟ್ರೋಲ್ಸ್ ಇಂಡಿಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ನೀಡಿದ ತೀರ್ಪು ಅದನ್ನು ನಿವಾರಿಸಿತು. ಹಿಂದಿನ ಅನುಭವದ ಆಧಾರದ ಮೇಲೆ ವಿಶ್ವಾಸಾರ್ಹವಾಗಿ ಅಂದಾಜಿಸಲಾದ ಖಾತರಿ ಪ್ರಾವಿಷನ್ ವ್ಯವಹಾರದ ವೆಚ್ಚವಾಗಿ ಮಾನ್ಯ. ಇಲ್ಲಿ ಮುಖ್ಯವಾದ ಪದ ‘ಅನುಭವ’. ಯಾವ ಬೆಂಚು, ಯಾವ ಊರಿಗೆ ಹೋಯಿತು, ಯಾವ ವರ್ಷ ಯಾವ ದೂರು ಬಂತು, ದುರಸ್ತಿಗೆ ಎಷ್ಟು ಖರ್ಚಾಯಿತು ಎಂಬ ಸಣ್ಣ ದಾಖಲೆ ಪುಸ್ತಕವಿಲ್ಲದಿದ್ದರೆ ಅಂದಾಜಿಗೆ ಆಧಾರವಿಲ್ಲ. ಆ ಪುಸ್ತಕವು ತೆರಿಗೆಗೆ ಮಾತ್ರವಲ್ಲ, ಮುಂದಿನ ವಿನ್ಯಾಸವನ್ನು ತಿದ್ದಿಕೊಳ್ಳಲೂ ನೆರವಾಗುತ್ತದೆ.

ಖಾತರಿ ಪತ್ರದ ಭಾಷೆಯೂ ಸ್ಪಷ್ಟವಾಗಿರಬೇಕು. ತೇಗವು ಬಿಸಿಲಿಗೆ ಬೆಳ್ಳಿಬೂದು ಬಣ್ಣಕ್ಕೆ ತಿರುಗುವುದು ದೋಷವಲ್ಲ, ಸಹಜ ಗುಣ. ಇದನ್ನು ಬರೆಯದಿದ್ದರೆ ಮೊದಲ ವರ್ಷವೇ ದೂರು ಬರುತ್ತದೆ. ಜೋಡಣೆ ಬಿಚ್ಚಿಕೊಳ್ಳುವುದು ಖಾತರಿಗೆ ಸೇರುತ್ತದೆ, ಮೇಲ್ಮೈಯ ಎಣ್ಣೆ ಮಾಸುವುದು ಸೇರುವುದಿಲ್ಲ ಎಂಬಂತೆ ಪ್ರತಿಯೊಂದನ್ನೂ ಹೇಳಬೇಕು. ಕುರ್ಚಿ ಮುರಿದು ಕುಳಿತವರಿಗೆ ಗಾಯವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವು ತಯಾರಕನಿಗೆ ಅನ್ವಯಿಸುತ್ತದೆ. ಪಾಲಿಸಲಾಗದ ಖಾತರಿಯನ್ನು ಮಾರಾಟದ ಉತ್ಸಾಹದಲ್ಲಿ ನೀಡುವುದು ಅಪಾಯಕರ.

ತೆರಿಗೆ ದರ ಮತ್ತು ಗ್ರಾಹಕನ ಲೆಕ್ಕ

ಮರ ಮತ್ತು ಲೋಹದ ಪೀಠೋಪಕರಣಗಳ ಮೇಲೆ ಸರಕು ಮತ್ತು ಸೇವಾ ತೆರಿಗೆಯು ಶೇ. 18. ಸಂಪೂರ್ಣವಾಗಿ ಬಿದಿರು ಅಥವಾ ಬೆತ್ತದಿಂದ ಮಾಡಿದ ಪೀಠೋಪಕರಣಗಳ ಮೇಲಿನ ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಇಲ್ಲಿ ‘ಸಂಪೂರ್ಣವಾಗಿ’ ಎಂಬ ಪದವನ್ನು ಗಮನಿಸಬೇಕು. ಕಬ್ಬಿಣದ ಚೌಕಟ್ಟಿಗೆ ಬೆತ್ತ ಹೆಣೆದ ಕುರ್ಚಿಯನ್ನಾಗಲೀ, ಬೆತ್ತದಂತೆ ಕಾಣುವ ಪ್ಲಾಸ್ಟಿಕ್ ಎಳೆಗಳ ಕುರ್ಚಿಯನ್ನಾಗಲೀ ಈ ರಿಯಾಯಿತಿ ದರದಲ್ಲಿ ಮಾರುವುದು ಸರಿಯಲ್ಲ. ವಿನ್ಯಾಸಕಾರನ ಒಂದು ನಿರ್ಧಾರವು ತೆರಿಗೆಯ ದರವನ್ನೇ ಬದಲಿಸುತ್ತದೆ.

ಗ್ರಾಹಕನು ಯಾರು ಎಂಬುದೂ ಮುಖ್ಯ. ಪಾವತಿಸಿದ ತೆರಿಗೆಗೆ ಕ್ರೆಡಿಟ್ ಪಡೆಯಬಲ್ಲ ಸಂಸ್ಥೆಗೆ ತೆರಿಗೆಯು ವೆಚ್ಚವಲ್ಲ. ಆದರೆ ಗೃಹಸ್ಥನಿಗೆ ಅದು ಪೂರ್ಣ ವೆಚ್ಚ. ದಿನಕ್ಕೆ ರೂ. 7,500ರವರೆಗಿನ ಕೊಠಡಿಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆಯನ್ನು ಶೇ. 5ಕ್ಕೆ ಇಳಿಸಿದಾಗ ಇನ್‌ಪುಟ್ ತೆರಿಗೆ ಕ್ರೆಡಿಟ್ಟನ್ನು ಹಿಂತೆಗೆಯಲಾಯಿತು. ಹೀಗಾಗಿ ಕೊಡಗು, ಚಿಕ್ಕಮಗಳೂರುಗಳ ಇಂತಹ ವಸತಿಗೃಹಗಳಿಗೆ ಪೀಠೋಪಕರಣದ ಮೇಲಿನ ತೆರಿಗೆಯು ಈಗ ನೇರ ವೆಚ್ಚವಾಗಿದೆ. ರೂ. 40,000 ಮೂಲಬೆಲೆಯ ತೇಗದ ಜೋಡಿಯು ಅವರಿಗೆ ರೂ. 47,200ಕ್ಕೆ ಬೀಳುತ್ತದೆ, ಅದೇ ಮೂಲಬೆಲೆಯ ಬೆತ್ತದ ಜೋಡಿ ರೂ. 42,000ಕ್ಕೆ. ಸೂರಿನಡಿಯ ವರಾಂಡಕ್ಕೆ ಬೆತ್ತವನ್ನು, ತೆರೆದ ಅಂಗಳಕ್ಕೆ ತೇಗವನ್ನು ಸೂಚಿಸುವ ತಯಾರಕನು ಗ್ರಾಹಕನ ಹಣವನ್ನೂ ತನ್ನ ಖಾತರಿಯನ್ನೂ ಒಟ್ಟಿಗೆ ಉಳಿಸುತ್ತಾನೆ.

ವಾರ್ಷಿಕ ವಹಿವಾಟು ರೂ. 1.5 ಕೋಟಿಗಿಂತ ಕಡಿಮೆಯಿರುವ ತಯಾರಕರು ಶೇ. 1ರ ಕಾಂಪೊಸಿಷನ್ ಪದ್ಧತಿಯನ್ನು ಆಯ್ದುಕೊಳ್ಳಬಹುದು. ಆದರೆ ಮರ, ಲೋಹಗಳ ಮೇಲೆ ಕೊಟ್ಟ ತೆರಿಗೆಗೆ ಕ್ರೆಡಿಟ್ ಇಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಗೃಹಸ್ಥರಿಗೆ ಮಾತ್ರ ಸ್ಥಳೀಯವಾಗಿ ಮಾರುವವರಿಗೆ ಇದು ಅನುಕೂಲ. ಹೊಸೂರಿನ ಅಥವಾ ಗೋವೆಯ ರೆಸಾರ್ಟಿಗೆ ಮಾರುವ ಉದ್ದೇಶವಿರುವವರಿಗಲ್ಲ. ಇನ್ನು ಸರಕಿನ ಮೇಲೆ ಪಡೆಯುವ ಮುಂಗಡಕ್ಕೆ, ಕಾಂಪೊಸಿಷನ್ ಪದ್ಧತಿಯಲ್ಲಿಲ್ಲದವರು 2017ರ ನವೆಂಬರ್ 15ರಿಂದ ಮುಂಗಡದ ಹಂತದಲ್ಲಿ ತೆರಿಗೆ ಕಟ್ಟಬೇಕಾಗಿಲ್ಲ. ಆರ್ಡರ್ ಪಡೆದ ಮೇಲೆ ತಯಾರಿಸುವ ಈ ಉದ್ಯಮಕ್ಕೆ ಇದು ದುಡಿಯುವ ಬಂಡವಾಳದ ದೊಡ್ಡ ನೆರವು.

ವಿನ್ಯಾಸದ ರಕ್ಷಣೆ

ಮಾದರಿ ತಯಾರಿಕೆಗೆ ರೂ. 60,000 ವ್ಯಯಿಸಿದ ವಿನ್ಯಾಸವನ್ನು ಪಕ್ಕದ ಬೀದಿಯವರು ಮರುವಾರವೇ ನಕಲು ಮಾಡಿದರೆ ಆ ವೆಚ್ಚವನ್ನು 40 ಬೆಂಚುಗಳಿಗೆ ಹಂಚುವ ಅವಕಾಶವೇ ಇರುವುದಿಲ್ಲ. 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಮಾಡಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ, ಹೀಗೆ ಒಟ್ಟು 15 ವರ್ಷಗಳ ರಕ್ಷಣೆ ದೊರೆಯುತ್ತದೆ. ಆದರೆ ಅರ್ಜಿಗೆ ಮುನ್ನ ವಿನ್ಯಾಸವು ಎಲ್ಲಿಯೂ ಪ್ರಕಟವಾಗಿರಬಾರದು. ಚಿತ್ರವನ್ನು ಮೊದಲು ಜಾಹೀರಾತಿನಲ್ಲಿ ಹಾಕಿ, ಮಾರಾಟ ಚೆನ್ನಾಗಿದೆಯೆಂದು ಕಂಡ ಮೇಲೆ ನೋಂದಣಿಗೆ ಹೋಗುವವರು ಹಕ್ಕನ್ನೇ ಕಳೆದುಕೊಳ್ಳುತ್ತಾರೆ.

ಚಿತ್ರ ಬರೆದವರಿಗೆ ಕೃತಿಸ್ವಾಮ್ಯ ಇದ್ದೇ ಇರುತ್ತದೆ ಎಂಬ ನಂಬಿಕೆಯೂ ಪೂರ್ಣ ಸರಿಯಲ್ಲ. ನೋಂದಣಿಗೆ ಅರ್ಹವಾದರೂ ನೋಂದಣಿಯಾಗದ ವಿನ್ಯಾಸದಂತೆ ಕೈಗಾರಿಕಾ ಪ್ರಕ್ರಿಯೆಯಲ್ಲಿ 50ಕ್ಕಿಂತ ಹೆಚ್ಚು ವಸ್ತುಗಳು ತಯಾರಾದೊಡನೆ, 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಪ್ರಕರಣದಂತೆ ಆ ವಿನ್ಯಾಸದ ಕೃತಿಸ್ವಾಮ್ಯವು ಕೊನೆಗೊಳ್ಳುತ್ತದೆ.

ಬಾಕಿ ಹಣದ ವಸೂಲಿ

ರೆಸಾರ್ಟುಗಳು ಮತ್ತು ಕಟ್ಟಡ ನಿರ್ಮಾಪಕರು ಸಗಟಾಗಿ ಕೊಳ್ಳುವಾಗ ಹಣ ಪಾವತಿಗೆ ತಿಂಗಳುಗಟ್ಟಲೆ ತಡ ಮಾಡುವುದು ಅಪರೂಪವಲ್ಲ. ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ 2006ರ ಎಂಎಸ್ಎಂಇ ಅಭಿವೃದ್ಧಿ ಕಾಯ್ದೆಯು ರಕ್ಷಣೆ ನೀಡಿದೆ. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಇದ್ದರೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಮಾಸಿಕ ಚಕ್ರಬಡ್ಡಿಯಾಗಿ ಕೊಡಬೇಕು. ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ತಲುಪಿದ ದಿನವನ್ನೇ ಸ್ವೀಕಾರದ ದಿನವೆಂದು ಪರಿಗಣಿಸಲಾಗುತ್ತದೆ. ಆದುದರಿಂದ ಸಹಿ ಮಾಡಿದ ವಿತರಣಾ ಚೀಟಿಯನ್ನು ಜೋಪಾನವಾಗಿಡಬೇಕು.

2023ರ ಹಣಕಾಸು ಕಾಯ್ದೆಯ ಮೂಲಕ ಆದಾಯ ತೆರಿಗೆ ಕಾನೂನಿಗೆ ಸೇರಿದ 43ಬಿ(ಎಚ್) ಪ್ರಕರಣವು ಇದಕ್ಕೆ ಬಲ ತಂದಿತು. ಈ ಗಡುವಿನೊಳಗೆ ಪಾವತಿಸದ ಮೊತ್ತವನ್ನು ಕೊಂಡವರು ನಿಜವಾಗಿ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಬಿಲ್ಲಿನ ಮೇಲೆ ಉದ್ಯಮ್ ನೋಂದಣಿ ಸಂಖ್ಯೆಯನ್ನು ಮುದ್ರಿಸುವುದು ಸಣ್ಣ ಕೆಲಸ. ಅದು ಗ್ರಾಹಕರ ಲೆಕ್ಕಪರಿಶೋಧಕರ ಗಮನವನ್ನು ತಾನಾಗಿಯೇ ಸೆಳೆಯುತ್ತದೆ.

ಮರದ ಮೂಲದ ದಾಖಲೆ

ಖಾಸಗಿ ಜಮೀನಿನ ತೇಗವನ್ನು ಕಡಿದು ಸಾಗಿಸಲೂ ಅರಣ್ಯ ಇಲಾಖೆಯ ಅನುಮತಿ ಮತ್ತು ರಹದಾರಿ ಬೇಕು. ಕೊಳ್ಳುವ ಮರದ ಬಿಲ್ಲು ಮತ್ತು ರಹದಾರಿಗಳ ಪ್ರತಿಗಳನ್ನು ಪ್ರತಿ ದಾಸ್ತಾನಿಗೂ ಪ್ರತ್ಯೇಕವಾಗಿ ಇಟ್ಟುಕೊಳ್ಳುವ ಅಭ್ಯಾಸ ಮುಂದೆ ರಫ್ತಿಗೂ ಸಹಾಯಕ. ಯುರೋಪಿಯನ್ ಒಕ್ಕೂಟವು 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ನಿಯಂತ್ರಣ ಕಾನೂನು ಮರದ ಪೀಠೋಪಕರಣಗಳಿಗೂ ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಅರಣ್ಯನಾಶವಾದ ಭೂಮಿಯಿಂದ ಮರ ಬಂದಿಲ್ಲವೆಂಬುದನ್ನು, ಮರ ಬೆಳೆದ ಜಾಗದ ಭೌಗೋಳಿಕ ಗುರುತಿನ ಸಹಿತ, ತೋರಿಸಬೇಕೆಂಬುದು ಅದರ ತಿರುಳು. ಜಾರಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲಾಗಿದ್ದರೂ, ಮರ ಕೊಳ್ಳುವಾಗ ಇಡದ ದಾಖಲೆಯನ್ನು ರಫ್ತಿನ ವೇಳೆಗೆ ಸೃಷ್ಟಿಸಲಾಗದು.

ಕುಶಲಕರ್ಮಿಯ ಪಾಲು

ಈ ಎಲ್ಲ ಲೆಕ್ಕಗಳ ಕೊನೆಯಲ್ಲಿ ನಿಲ್ಲುವ ಪ್ರಶ್ನೆ ಬಡಗಿಯದು ಮತ್ತು ಮೇದರದು. ಬೆಲೆ ಕಡಿಮೆ ಕಟ್ಟಿದ ಮಾಲೀಕನಿಗೆ ಮರದ ದರ ಇಳಿಸಲಾಗದು, ಬ್ಯಾಂಕಿನ ಬಡ್ಡಿ ಇಳಿಸಲಾಗದು. ಅವನ ಕೈಯಲ್ಲಿ ಇಳಿಸಲು ಉಳಿಯುವುದು ಕೂಲಿ ಮಾತ್ರ. ಕೂಲಿ ಇಳಿದಾಗ ಕುಶಲಕರ್ಮಿಯ ಮಗ ಬೇರೆ ಉದ್ಯೋಗ ಹುಡುಕುತ್ತಾನೆ, ಕೈಕೆಲಸವೆಂಬ ಹೆಸರಿನಲ್ಲಿ ಮಾರಲು ಕೈಗಳೇ ಉಳಿಯುವುದಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯು ಬಡಗಿಗಳೂ ಬುಟ್ಟಿ ಹೆಣೆಯುವವರೂ ಸೇರಿದಂತೆ 18 ಕಸುಬುಗಳವರಿಗೆ ಉಪಕರಣಗಳಿಗಾಗಿ ರೂ. 15,000 ಹಾಗೂ ಎರಡು ಕಂತುಗಳಲ್ಲಿ ರೂ. 3 ಲಕ್ಷದವರೆಗೆ ಶೇ. 5ರ ಬಡ್ಡಿಯ ಸಾಲವನ್ನು ಒಳಗೊಂಡಿದೆ. ಆದರೆ ಸರಿಯಾದ ಬೆಲೆಗೆ ಯಾವ ಯೋಜನೆಯೂ ಪರ್ಯಾಯವಲ್ಲ.

ಪೂರ್ಣ ಲೆಕ್ಕ ಹಾಕಿದ ಬೆಂಚಿನ ಬೆಲೆ ತೆರಿಗೆ ಸೇರಿ ರೂ. 49,029 ಎಂದಾಗ ಕೆಲವು ಗ್ರಾಹಕರು ಹಿಂದೆ ಸರಿಯಬಹುದು. ನಷ್ಟದ ಆರ್ಡರನ್ನು ಕಳೆದುಕೊಳ್ಳುವುದು ನಷ್ಟವಲ್ಲ. ಮರದ ಪೋಲಿನಿಂದ ಹಿಡಿದು ಐದನೆಯ ವರ್ಷದ ದುರಸ್ತಿಯವರೆಗೆ ಪ್ರತಿಯೊಂದನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡುವ ಅಭ್ಯಾಸವನ್ನು ಪ್ರತಿ ಹೊಸ ವಿನ್ಯಾಸಕ್ಕೂ ಮುನ್ನ ರೂಢಿಸಿಕೊಂಡರೆ, ಎಷ್ಟು ಆರ್ಡರುಗಳನ್ನು ಒಪ್ಪಬೇಕು ಮತ್ತು ಯಾವುದನ್ನು ವಿನಯದಿಂದ ನಿರಾಕರಿಸಬೇಕು ಎಂಬುದು ಉದ್ಯಮಿಗೆ ತಾನಾಗಿಯೇ ಸ್ಪಷ್ಟವಾಗುತ್ತದೆ.